ಎಫ್-1ರಲ್ಲಿದ್ದು ಮದುವೆಯಾಗುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ

ಪ್ರೀತಿಯ ತಂಗಿಯರೇ, ತಮ್ಮಂದಿರೇ,

ಅಮೆರಿಕಕ್ಕೆ ಓದಲು ಬಂದು, ಇಲ್ಲಿಯ ಸಿಟಿಜನ್ ಒಬ್ಬರನ್ನು ಮೆಚ್ಚಿ ಮದುವೆಯಾಗಲು ಹೊರಟಿರುವ, ಇಲ್ಲವೇ ಆಗಲೇ ಮದುವೆಯಾಗಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿರುವ ಕರ್ನಾಟಕದ ಮಕ್ಕಳಿಗೆ ಈ ಪತ್ರ. ನಾನೂ ಇದೇ ದಾರಿಯಲ್ಲಿ ಬಂದವಳು. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಎಂ.ಎಸ್. ಮಾಡಲು ಬಂದೆ, ಇಲ್ಲೇ ಹುಟ್ಟಿ ಬೆಳೆದವರೊಬ್ಬರ ಕೈ ಹಿಡಿದೆ, ನ್ಯೂಜೆರ್ಸಿಯಲ್ಲಿ ಸಂಸಾರ ಹೂಡಿದೆ. ನಾನು ವಕೀಲೆಯಲ್ಲ. ಆದರೆ ಕನ್ನಡ ಕೂಟದ ಯುಗಾದಿ ಊಟಕ್ಕೋ ರಾಜ್ಯೋತ್ಸವಕ್ಕೋ ಹೋದಾಗಲೆಲ್ಲ ನಿಮ್ಮಲ್ಲಿ ಒಬ್ಬರಾದರೂ ಹತ್ತಿರ ಬಂದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ಅಕ್ಕಾ, ಒಂದ್ ವಿಷ್ಯ ಕೇಳ್ಬೇಕಿತ್ತು" ಅನ್ನುತ್ತೀರಿ. ಕೇಳುವುದು ನ್ಯಾಯವಾದ ಮದುವೆಯ ಬಗ್ಗೆ, ನ್ಯಾಯವಾದ ಅರ್ಜಿಯ ಬಗ್ಗೆ. ದನಿ ಮಾತ್ರ ಏನೋ ಕದ್ದವರ ಹಾಗೆ ಅಳುಕುತ್ತಿರುತ್ತದೆ.

ಈ ಅಳುಕೇ ನನಗೆ ಚಿಂತೆ. ಅಳುಕುವವರು ಕೇಳಬೇಕಾದ್ದನ್ನು ಪೂರ್ತಿ ಕೇಳುವುದಿಲ್ಲ. ಕೇಳದೆ ಹೋದರೆ ನಿಮ್ಮ ಕಾಗದಪತ್ರವೆಲ್ಲ ಬೇರೆಯವರ ಕೈಯಲ್ಲೇ ಉಳಿಯುತ್ತದೆ. ಹಾಗೆ ಉಳಿದದ್ದರಿಂದ ಕಷ್ಟಕ್ಕೆ ಸಿಕ್ಕಿದವರನ್ನು ಹತ್ತಿರದಿಂದ ಕಂಡಿದ್ದೇನೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಅಳುಕು ಎಲ್ಲಿಂದ ಬಂತೆಂದು ಗೊತ್ತು. ಓದು ಮುಗಿದರೆ ಒಪಿಟಿ ಎಂಬ ಕೆಲಸದ ಅನುಮತಿಯಲ್ಲಿ 12 ತಿಂಗಳು, ವಿಜ್ಞಾನವೋ ಎಂಜಿನಿಯರಿಂಗೋ ಆದರೆ ಇನ್ನೂ 24 ತಿಂಗಳು. ಅಷ್ಟರಲ್ಲಿ ಎಚ್-1ಬಿ ಕೆಲಸದ ವೀಸಾದ ಲಾಟರಿಯಲ್ಲಿ ಹೆಸರು ಬರಬೇಕು, ಅದು ವರ್ಷಕ್ಕೆ 85,000 ಜನಕ್ಕೆ ಮಾತ್ರ. ಬಂದಮೇಲೂ ಗ್ರೀನ್ ಕಾರ್ಡಿನ ಸರದಿಯೇ ಬೇರೆ. ಒಂದೊಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ, 2025ರಲ್ಲಿ ಉದ್ಯೋಗದ ಮೂಲಕ ಅರ್ಜಿ ಹಾಕುವ ಇಬಿ-2 ವರ್ಗದ ಭಾರತೀಯರಲ್ಲಿ ಸರದಿ ಸಿಕ್ಕಿದ್ದು 2013ರ ಆಸುಪಾಸಿನಲ್ಲಿ ಅರ್ಜಿ ಹಾಕಿದವರಿಗೆ. ಇಲ್ಲಿ ಮನೆ ಕೊಂಡು, ಮಕ್ಕಳನ್ನು ಹೈಸ್ಕೂಲಿಗೆ ಸೇರಿಸಿ, ಇನ್ನೂ ಕಾರ್ಡ್ ಸಿಗದವರು ನಮ್ಮ ಕೂಟದಲ್ಲೇ ಎಷ್ಟೋ ಜನ. ಸಿಟಿಜನ್‌ಗಳ ಗಂಡ ಹೆಂಡತಿಯರಿಗೆ ಮಾತ್ರ ಈ ಮಿತಿ ಯಾವುದೂ ಇಲ್ಲ, ಕಾನೂನು ಅವರನ್ನು ಕೋಟಾದ ಹೊರಗೇ ಇಟ್ಟಿದೆ. ಅದಕ್ಕೇ "ನಿಂದೇನಮ್ಮಾ, ಒಂದೇ ಸಹಿಗೆ ಕೆಲಸ ಆಯ್ತು" ಎಂಬ ಮಾತು ನಿಮ್ಮ ಬೆನ್ನ ಹಿಂದೆ ಬರುತ್ತದೆ, ಕೆಲವೊಮ್ಮೆ ಮುಂದೆಯೇ. ಆಡುವವರಿಗೂ ನೋವಿದೆ, ಅವರ ಮೇಲೆ ಸಿಟ್ಟು ಬೇಡ. ಆದರೆ ಅವರ ನೋವಿಗೆ ನೀವು ತಲೆ ತಗ್ಗಿಸಿ ಓಡಾಡಬೇಕಾಗಿಲ್ಲ.

ಇದೇ ಸರದಿ ಕೆಲವರನ್ನು ಬೇರೆ ಯೋಚನೆಗೂ ಹಚ್ಚುತ್ತದೆ. ದುಡ್ಡು ಕೊಟ್ಟರೆ ಕಾಗದದ ಮೇಲೆ ಮದುವೆ ಮಾಡಿಸಿ, ಕಾರ್ಡ್ ಬಂದಮೇಲೆ ಬಿಡಿಸುತ್ತೇವೆ ಎನ್ನುವವರು ಇದ್ದಾರೆ. ಒಪಿಟಿ ಮುಗಿಯುತ್ತಾ ಬಂದ ಹುಡುಗರನ್ನೇ ಹುಡುಕಿಕೊಂಡು ಬರುತ್ತಾರೆ. ಕೈ ಮುಗಿದು ಹೇಳುತ್ತೇನೆ, ಆ ಕಡೆ ತಿರುಗಿಯೂ ನೋಡಬೇಡಿ. 1986ರ ಕಾಯ್ದೆಯ ಪ್ರಕಾರ ಸುಳ್ಳು ಮದುವೆಗೆ ಐದು ವರ್ಷದ ತನಕ ಜೈಲು, ಎರಡೂವರೆ ಲಕ್ಷ ಡಾಲರ್ ತನಕ ದಂಡ. ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಒಮ್ಮೆ ಸುಳ್ಳು ಮದುವೆ ಎಂದು ದಾಖಲಾದರೆ ಮುಂದೆ ನಿಮ್ಮ ಪರವಾಗಿ ಯಾರು ಹಾಕುವ ಅರ್ಜಿಗೂ ಮಂಜೂರಾತಿ ಇಲ್ಲ. ನಾಳೆ ನಿಜವಾಗಿ ಪ್ರೀತಿಸಿ ಮದುವೆಯಾದ ಗಂಡನೋ ಹೆಂಡತಿಯೋ ಹಾಕಿದರೂ ಇಲ್ಲ, ಕಂಪನಿ ಹಾಕಿದರೂ ಇಲ್ಲ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಹಾಕಿದ ಒಂದು ಸಹಿ ಐವತ್ತಾದರೂ ಬಿಡುವುದಿಲ್ಲ.

ನಿಜವಾಗಿ ಮದುವೆಯಾಗುತ್ತಿರುವವರಿಗೆ ಈಗ ಹೇಳುತ್ತೇನೆ. ನೀವು ಪಡೆಯುತ್ತಿರುವುದು ಯಾರ ಕೃಪೆಯೂ ಅಲ್ಲ. ಈ ದೇಶದಲ್ಲಿ ನಮ್ಮವರನ್ನು ಮದುವೆಯಾದ ತಪ್ಪಿಗೆ ಅಮೆರಿಕದ ಹೆಣ್ಣುಮಕ್ಕಳೇ ಪೌರತ್ವ ಕಳೆದುಕೊಂಡ ಕಾಲವೊಂದಿತ್ತು. 1922ರ ಕೇಬಲ್ ಕಾಯ್ದೆ, ಪೌರತ್ವಕ್ಕೆ ಅರ್ಹನಲ್ಲದ ಪರದೇಶಿಯನ್ನು ಮದುವೆಯಾದ ಹೆಣ್ಣು ಅಮೆರಿಕದ ಪ್ರಜೆಯಾಗಿ ಉಳಿಯುವುದಿಲ್ಲ ಎಂದಿತು. ಮರುವರ್ಷ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಇಲ್ಲಿಯ ಸುಪ್ರೀಂ ಕೋರ್ಟು, ಭಾರತೀಯರು ಆ ಅರ್ಹತೆ ಇಲ್ಲದವರು ಎಂದು ತೀರ್ಪು ಕೊಟ್ಟಿತು. ಸ್ವಾತಂತ್ರ್ಯ ಹೋರಾಟಗಾರ ತಾರಕನಾಥ ದಾಸ್ ಅವರನ್ನು ಮದುವೆಯಾದ ಮೇರಿ ದಾಸ್ ಇಲ್ಲಿಯೇ ಹುಟ್ಟಿದವರು, ಅವರ ಪೌರತ್ವವೇ ಪ್ರಶ್ನೆಗೆ ಒಳಗಾಯಿತು. ಆ ನಿಯಮ 1931ರಲ್ಲಿ ಹೋಯಿತು. ಭಾರತೀಯರು ಪೌರರಾಗಬಹುದು ಎಂದಾಗಿದ್ದು 1946ರಲ್ಲಿ, ಆಗಲೂ ವರ್ಷಕ್ಕೆ ನೂರು ಜನರ ಕೋಟಾ. 1965ರ ಕಾಯ್ದೆ ಬಂದಮೇಲೇ ನಮ್ಮವರಿಗೆ ಬಾಗಿಲು ತೆರೆಯಿತು. ಇಷ್ಟು ಜನ ನೊಂದು, ಹೋರಾಡಿ ಬಂದ ಹಕ್ಕು ಇದು. ಮದುವೆಯಾದ ಇಬ್ಬರು ಒಂದೇ ಸೂರಿನಡಿ ಬಾಳಬೇಕು ಎಂಬುದನ್ನು ಕಾನೂನು ಒಪ್ಪಿಕೊಂಡಿದೆ. ಆ ಹಕ್ಕು ನಿಮ್ಮದು ಹೇಗೋ ಹಾಗೆ ನಿಮ್ಮ ಸಂಗಾತಿಯದೂ ಹೌದು.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಊರಲ್ಲಿ "ಹುಡುಗನಿಗೆ ಗ್ರೀನ್ ಕಾರ್ಡ್ ಇದೆ" ಎಂದರೂ ಒಂದೇ, "ಹುಡುಗ ಸಿಟಿಜನ್" ಎಂದರೂ ಒಂದೇ. ಅರ್ಜಿಯಲ್ಲಿ ಹಾಗಲ್ಲ. ಮೇಲೆ ಹೇಳಿದ್ದೆಲ್ಲ ಸಿಟಿಜನ್‌ಗಳ ಗಂಡ ಹೆಂಡತಿಯರಿಗೆ. ಗ್ರೀನ್ ಕಾರ್ಡಿನವರನ್ನು ಮದುವೆಯಾದರೆ ಎಫ್-2ಎ ಎಂಬ ವರ್ಗ, ಅಲ್ಲಿ ಮಿತಿಯೂ ಇದೆ, ಕಾಯುವುದೂ ಇದೆ. ಕಾಯುವಷ್ಟು ಕಾಲ ನಿಮ್ಮ ಎಫ್-1 ಇಲ್ಲವೇ ಬೇರೆ ಸ್ಟೇಟಸ್ ಕೆಡದ ಹಾಗೆ ನೋಡಿಕೊಳ್ಳಬೇಕು.

ಮದುವೆ ಎಲ್ಲಿ ಆಗುತ್ತೀರಿ ಎನ್ನುವುದನ್ನೂ ಮನೆಯವರ ಜೊತೆ ಕೂತು ಮೊದಲೇ ಯೋಚಿಸಿ. ವೀಸಾ ಸಂದರ್ಶನದಲ್ಲಿ ನೀವೆಲ್ಲ "ಓದು ಮುಗಿಸಿ ವಾಪಸ್ ಬರುತ್ತೇನೆ" ಎಂದು ಹೇಳಿ ಬಂದವರು. ಬಂದಮೇಲೆ ಒಬ್ಬರು ಸಿಕ್ಕರು, ಮನಸ್ಸು ಕೂಡಿತು, ಇಲ್ಲೇ ಉಳಿಯಬೇಕೆನಿಸಿತು ಎಂದರೆ ಅದು ಸುಳ್ಳಲ್ಲ, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ಡಿಸೆಂಬರ್ ರಜೆಯಲ್ಲಿ ಊರಿಗೆ ಹೋಗಿ, ಛತ್ರದಲ್ಲಿ ಸಿಟಿಜನ್ ಹುಡುಗನ ಜೊತೆ ಧಾರೆ ಮುಗಿಸಿ, ಅರ್ಜಿ ಹಾಕಬೇಕೆಂದು ಮನಸ್ಸಿನಲ್ಲಿಟ್ಟುಕೊಂಡು ಅದೇ ಎಫ್-1ರಲ್ಲಿ ವಿಮಾನ ಹತ್ತುವುದು ಅಪಾಯ. ಇಲ್ಲಿ ಇಳಿದಾಗ ವಲಸೆ ಅಧಿಕಾರಿ ಕೇಳಿದರೆ ನಿಜ ಹೇಳಿದರೂ ಕಷ್ಟ, ಸುಳ್ಳು ಹೇಳಿದರೆ ಇನ್ನೂ ಕಷ್ಟ. ಊರಲ್ಲೇ ಮದುವೆ ಆಗಬೇಕೆಂದಿದ್ದರೆ ಅಲ್ಲಿಯೇ ಉಳಿದು ಕಾನ್ಸುಲೇಟಿನ ಮೂಲಕ ಬರುವ ದಾರಿ ಇದೆ. ತಡವಾಗುತ್ತದೆ, ಆದರೆ ಅದು ನೇರವಾದ ದಾರಿ.

ಇಲ್ಲಿ ದೇವಸ್ಥಾನದಲ್ಲಿ ಮದುವೆಯಾಗುವವರು ಮದುವೆಯ ಲೈಸೆನ್ಸ್ ಮರೆಯಬೇಡಿ. ನ್ಯೂಜೆರ್ಸಿಯಲ್ಲಿ ಅರ್ಜಿ ಕೊಟ್ಟು 72 ಗಂಟೆ ಕಾಯಬೇಕು. ಅದಕ್ಕೆ ಪುರೋಹಿತರ ಸಹಿ ಬಿದ್ದು, ಊರಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲಾಗಬೇಕು. ಮಾಂಗಲ್ಯಧಾರಣೆಯ ಫೋಟೋ ಎಷ್ಟಿದ್ದರೂ ಆ ಕಚೇರಿಯ ಮೊಹರಿನ ಪ್ರತಿ ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ.

ಇನ್ನು ನಮ್ಮ ಕಡೆಯವರನ್ನು ಎಲ್ಲಕ್ಕಿಂತ ಹೆಚ್ಚು ಸುಸ್ತು ಮಾಡುವ ಸಂಗತಿ, ಜನನ ಪ್ರಮಾಣಪತ್ರ. ಆಸ್ಪತ್ರೆಯಿಂದ ಹುಟ್ಟಿದ ವರದಿ ಹೋಗುವಾಗ ನಾಮಕರಣವೇ ಆಗಿರುವುದಿಲ್ಲ. ಆದ್ದರಿಂದ ನಿಮ್ಮಲ್ಲಿ ಎಷ್ಟೋ ಜನರ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿದೆ, ತಾಯಿಯ ಹೆಸರಿದೆ, ದಿನಾಂಕವಿದೆ, ಮಗುವಿನ ಹೆಸರಿನ ಜಾಗ ಖಾಲಿ. ಶಾಲೆಗೆ ಸೇರುವಾಗ ಯಾರೂ ಕೇಳಲಿಲ್ಲ, ಪಾಸ್‌ಪೋರ್ಟಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಡೆಯಿತು. ಇಲ್ಲಿ ಅದು ನಡೆಯುವುದಿಲ್ಲ. ತಾಯಿಯ ಹೆಸರು ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮೀದೇವಿ ಎಂದಿರುತ್ತದೆ. ಅಪ್ಪನ ಇನಿಷಿಯಲ್ ಒಂದರಲ್ಲಿ ಊರಿನದು, ಇನ್ನೊಂದರಲ್ಲಿ ಅಜ್ಜನದು. ಇದನ್ನೆಲ್ಲ ಸರಿಪಡಿಸಲು ಅಪ್ಪ ಪಾಲಿಕೆಯ ಕಚೇರಿಗೋ ತಾಲ್ಲೂಕು ಕಚೇರಿಗೋ ಅಲೆಯಬೇಕು. ಅರವತ್ತು ದಾಟಿದವರು ಬಿಸಿಲಲ್ಲಿ ಸರದಿ ನಿಲ್ಲುವುದನ್ನು ನೆನೆದರೆ ಸಂಕಟವಾಗುತ್ತದೆ. ಮದುವೆಯ ಮಾತು ಶುರುವಾದ ದಿನವೇ ಮನೆಗೆ ಫೋನ್ ಮಾಡಿ, ಆ ಕಾಗದದ ಫೋಟೋ ತರಿಸಿಕೊಂಡು ಒಂದೊಂದು ಅಕ್ಷರವನ್ನೂ ಓದಿ. ಕರ್ನಾಟಕದ ಜನನ ನೋಂದಣಿಯ ಜಾಲತಾಣ ಇ-ಜನ್ಮದಲ್ಲಿ ದಾಖಲಾಗಿದ್ದರೆ ಹೊಸ ಪ್ರತಿ ಸಿಗುವುದು ಸುಲಭ. ದಾಖಲೆಯೇ ಸಿಗದಿದ್ದರೆ ಲಭ್ಯವಿಲ್ಲ ಎಂಬ ಪತ್ರ ಬರೆಸಿಕೊಂಡು, ಅದರ ಜೊತೆ ಅಂಕಪಟ್ಟಿ, ಹೆತ್ತವರ ಅಫಿಡವಿಟ್ ಇಡಬೇಕು. ಕನ್ನಡದಲ್ಲಿರುವುದಕ್ಕೆ ಇಂಗ್ಲಿಷ್ ಅನುವಾದ, ಅನುವಾದ ಸರಿಯಾಗಿದೆ ಎಂಬ ಅನುವಾದಕರ ಸಹಿ ಬೇಕು.

ಹೆಸರಿನ ವಿಷಯ ಇನ್ನೊಂದಿದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲದವರ ವೀಸಾದಲ್ಲಿ ಪೂರ್ತಿ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಹಾಕುತ್ತಾರೆ. ನನಗೂ ಹಾಗೇ ಆಗಿತ್ತು. ಬ್ಯಾಂಕಿನಲ್ಲಿ ಒಂದು ಹೆಸರು, ಬಾಡಿಗೆ ಕರಾರಿನಲ್ಲಿ ಇನ್ನೊಂದು. ಮದುವೆ ಸಾಚಾ ಎಂದು ತೋರಿಸುವ ಕಾಗದಗಳಲ್ಲೇ ನಾನು ಮೂರು ಬೇರೆ ಹೆಂಗಸರ ಹಾಗೆ ಕಾಣುತ್ತಿದ್ದೆ. ಗ್ರೀನ್ ಕಾರ್ಡಿನ ಸಂದರ್ಶನದಲ್ಲಿ ಅಧಿಕಾರಿ ನನ್ನ ಗಂಡನನ್ನು ಮೊದಲು ಕೇಳಿದ್ದೇ "ನಿಮ್ಮ ಹೆಂಡತಿಯ ಪೂರ್ತಿ ಹೆಸರು ಹೇಳಿ" ಎಂದು. ಅವರು ನಮ್ಮೂರಿನ ಹೆಸರಿನಿಂದ ಶುರುಮಾಡಿ, ಅಪ್ಪನ ಹೆಸರು ಹೇಳಿ, ಕೊನೆಗೆ ನನ್ನ ಹೆಸರಿಗೆ ಬಂದರು. ಅಮೆರಿಕದ ಉಚ್ಚಾರಣೆಯಲ್ಲಿ ನಮ್ಮೂರಿನ ಹೆಸರು ಆ ಕೋಣೆಯಲ್ಲಿ ಕೇಳಿ ನನಗೆ ಗಂಟಲು ಕಟ್ಟಿತು. ಸಂದರ್ಶನದ ಬಗ್ಗೆ ನೀವು ಪಡುವಷ್ಟು ಭಯ ಬೇಡ. ಜಂಟಿ ಖಾತೆ, ಇಬ್ಬರ ಹೆಸರಿನ ಕರಾರು, ಒಟ್ಟಿಗೆ ಸಲ್ಲಿಸಿದ ತೆರಿಗೆ, ವಿಮೆ, ಎರಡೂ ಮನೆಯವರ ಜೊತೆಗಿನ ಫೋಟೋ ಇವನ್ನು ಇಟ್ಟುಕೊಂಡಿರಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ.

ಅರ್ಜಿಯ ಭಾಗಗಳು ಯಾರ ಯಾರವು ಎಂಬುದು ತಿಳಿದಿರಲಿ. ನಿಮ್ಮಿಬ್ಬರ ಸಂಬಂಧ ತೋರಿಸುವ ಐ-130 ನಿಮ್ಮ ಸಂಗಾತಿಯದು, ಮಂಜೂರಾಗುವ ಮೊದಲು ಅವರು ಬೇಕಾದರೆ ಹಿಂತೆಗೆದುಕೊಳ್ಳಬಹುದು. ಗ್ರೀನ್ ಕಾರ್ಡ್ ಕೇಳುವ ಐ-485 ನಿಮ್ಮದು. ಕೆಲಸದ ಪರವಾನಗಿಯ ಐ-765, ಪ್ರಯಾಣದ ಐ-131 ಕೂಡ ನಿಮ್ಮವು. 2024ರ ಏಪ್ರಿಲ್‌ನಿಂದ ಐ-485ಕ್ಕೆ 1,440 ಡಾಲರ್, ಐ-130ನ್ನು ಕಾಗದದಲ್ಲಿ ಹಾಕಿದರೆ 675. ಉಳಿದ ಎರಡಕ್ಕೂ ಬೇರೆ ಬೇರೆ ಶುಲ್ಕ, ಮೇಲೆ ವೈದ್ಯಕೀಯ ಪರೀಕ್ಷೆ, ವಕೀಲರು. ಓದುವ ಮಕ್ಕಳಿಗೆ ಇದು ಸಣ್ಣ ಮೊತ್ತವಲ್ಲ. ಹೆಚ್ಚಾಗಿ ಸಂಗಾತಿಯೋ ಅತ್ತೆ ಮನೆಯವರೋ ಕೊಡುತ್ತಾರೆ. ಋಣದ ಮಾತು ಶುರುವಾಗುವುದೂ ಅಲ್ಲಿಂದಲೇ.

ಅರ್ಜಿ ಹಾಕಿ ಪರವಾನಗಿ ಬರುವವರೆಗಿನ ತಿಂಗಳುಗಳು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದವು. ಒಪಿಟಿಯಂಥ ಅನುಮತಿ ಇಲ್ಲದವರು ಕ್ಯಾಂಪಸ್ಸಿನ ಹೊರಗೆ ಕೆಲಸ ಮಾಡುವಂತಿಲ್ಲ. ಪ್ರಯಾಣದ ಅನುಮತಿ ಕೈಗೆ ಬರುವ ಮೊದಲು ದೇಶ ಬಿಟ್ಟರೆ ಅರ್ಜಿ ಕೈಬಿಟ್ಟಂತೆ, ಎಫ್-1ರಲ್ಲಿ ಮತ್ತೆ ಬರುವುದೂ ಕಷ್ಟ. ಅಜ್ಜಿಗೆ ಹುಷಾರಿಲ್ಲ, ತಂಗಿಯ ಮದುವೆ, ಅಪ್ಪನಿಗೆ ಆಪರೇಷನ್ ಎಂದು ಏನೇನೋ ಆ ಕಾಲದಲ್ಲೇ ಬರುತ್ತವೆ. ತೀರಾ ತುರ್ತಾದರೆ ತುರ್ತು ಅನುಮತಿಗೆ ಕೇಳಲು ಅವಕಾಶವಿದೆ, ಸಿಗುತ್ತದೆ ಎಂಬ ಭರವಸೆ ಇಲ್ಲ. ಪರವಾನಗಿ ಬಂತೆಂದು ಓದು ಬಿಡಬೇಡಿ. ಎಫ್-1ರ ನಿಯಮದ ಹೊರಗೆ ಆ ಪರವಾನಗಿಯಲ್ಲಿ ದುಡಿದರೆ ಎಫ್-1 ಹೋಗುತ್ತದೆ. ಅರ್ಜಿ ತಿರಸ್ಕಾರವಾದರೆ ಆಮೇಲೆ ನಿಲ್ಲಲು ಜಾಗವಿಲ್ಲ. 2025ರ ಆಗಸ್ಟ್‌ನಲ್ಲಿ ಈ ಅರ್ಜಿಗಳನ್ನು ನೋಡುವ ವಲಸೆ ಇಲಾಖೆ ಯುಎಸ್‌ಸಿಐಎಸ್ ತನ್ನ ಕೈಪಿಡಿಯಲ್ಲಿ ಬರೆದೇಬಿಟ್ಟಿದೆ, ಕುಟುಂಬದ ಅರ್ಜಿ ಹಾಕಿದ ಮಾತ್ರಕ್ಕೆ ಇಲ್ಲಿರುವ ಹಕ್ಕು ಬರುವುದಿಲ್ಲ, ಗಡೀಪಾರಿನಿಂದ ರಕ್ಷಣೆಯೂ ಸಿಗುವುದಿಲ್ಲ ಎಂದು.

ಇಂಥ ಕಾಲದಲ್ಲಿ ಒಬ್ಬ ತಂಗಿ ನನ್ನ ಹತ್ತಿರ ಬಂದಿದ್ದಳು. ಹೆಸರು, ಊರು ಹೇಳುವುದಿಲ್ಲ. ಎಂಜಿನಿಯರಿಂಗ್ ಓದಿದವಳು, ಅವಳ ಪ್ರಾಜೆಕ್ಟ್ ನೋಡಿದರೆ ಹೆಮ್ಮೆಯಾಗುತ್ತಿತ್ತು. ಇಲಾಖೆ ನಿನಗೆ ಕೊಟ್ಟ ಎ-ನಂಬರ್ ಎಷ್ಟಮ್ಮಾ ಎಂದರೆ ಗೊತ್ತಿಲ್ಲ. ರಸೀದಿ ಎಲ್ಲಿ ಎಂದರೆ ಗೊತ್ತಿಲ್ಲ. ಅರ್ಜಿಯ ಖಾತೆ ಗಂಡನ ಇಮೇಲಿನಲ್ಲಿ, ಪಾಸ್‌ವರ್ಡ್ ಮೈದುನನ ಹತ್ತಿರ. ಪಾಸ್‌ಪೋರ್ಟ್ ಅತ್ತೆಯ ಬೀರುವಿನಲ್ಲಿ, ಭದ್ರವಾಗಿರಲಿ ಎಂದು. ಜಗಳ ಬಂದಾಗಲೆಲ್ಲ "ನಿನ್ನ ಕಾರ್ಡ್ ನನ್ನ ಕೈಲಿದೆ, ನೆನಪಿರಲಿ" ಎಂಬ ಮಾತು. ಮೊದಲು ಮಾತು, ಆಮೇಲೆ ಕೈ. "ಅಮ್ಮನಿಗೆ ಹೇಳಿದ್ಯಾ?" ಎಂದು ಕೇಳಿದೆ. "ಹೇಗ್ ಹೇಳ್ಲಿ ಅಕ್ಕಾ, ಇಷ್ಟ ಪಟ್ಟು ಆಗಿದ್ದು ನಾನೇ ಅಲ್ವಾ" ಅಂದಳು.

ಅವಳಿಗೆ ಹೇಳಿದ್ದನ್ನೇ ನಿಮಗೆಲ್ಲ ಹೇಳುತ್ತೇನೆ. ನಿಮ್ಮ ಅರ್ಜಿಯ ಖಾತೆಯನ್ನು ನಿಮ್ಮ ಇಮೇಲಿನಲ್ಲಿ ನೀವೇ ತೆರೆಯಿರಿ. ಪ್ರತಿ ರಸೀದಿ, ಪ್ರತಿ ನೋಟಿಸಿನ ಫೋಟೋ ನಿಮ್ಮ ಹತ್ತಿರ ಇರಲಿ, ಊರಲ್ಲಿ ನಂಬಿಕಸ್ತರೊಬ್ಬರಿಗೂ ಕಳುಹಿಸಿರಿ. ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಲಿ. ಒಳ್ಳೆಯ ಗಂಡ, ಒಳ್ಳೆಯ ಹೆಂಡತಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೆ ಆಗಲೇ ಕೂತು ಮಾತಾಡಿ.

ಹೊಡೆತ ಬಡಿತ, ಕ್ರೌರ್ಯ ಇದ್ದರೆ ಸಂಗಾತಿಯ ಸಹಿಯೇ ಇಲ್ಲದೆ ಮುಂದುವರಿಯುವ ದಾರಿಯಿದೆ. ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ 1994ರ ವಿಎಡಬ್ಲ್ಯುಎ ಕಾಯ್ದೆಯಡಿ ನೀವೇ ಸ್ವಂತವಾಗಿ ಐ-360 ಅರ್ಜಿ ಹಾಕಬಹುದು. ಶುಲ್ಕವಿಲ್ಲ, ಗಂಡಸರಿಗೂ ಈ ದಾರಿ ಇದೆ. ನೀವು ಅರ್ಜಿ ಹಾಕಿದ್ದನ್ನು ಇಲಾಖೆ ನಿಮ್ಮ ಸಂಗಾತಿಗೆ ತಿಳಿಸುವಂತಿಲ್ಲ ಎಂದು ಕಾನೂನೇ ಇದೆ. ನಮ್ಮ ನ್ಯೂಜೆರ್ಸಿಯಲ್ಲಿ ಮಾನವಿ ಎಂಬ ಸಂಸ್ಥೆ 1985ರಿಂದ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳ ಜೊತೆ ನಿಂತಿದೆ. ನ್ಯೂಯಾರ್ಕಿನಲ್ಲಿ ಸಖಿ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮೈತ್ರಿ ಇವೆ. ರಾಷ್ಟ್ರೀಯ ಸಹಾಯವಾಣಿ 1-800-799-7233, ಹಗಲು ರಾತ್ರಿ ಎನ್ನದೆ ಎತ್ತುತ್ತಾರೆ. ಈ ಸಂಖ್ಯೆಯನ್ನು ಬೇರೆ ಯಾವುದಾದರೂ ಹೆಸರಿನಲ್ಲಿ ಫೋನಿನಲ್ಲಿ ಇಟ್ಟುಕೊಳ್ಳಿ.

ಕಾರ್ಡ್ ಬಂದಮೇಲೂ ತಿಳಿದಿರಬೇಕಾದ್ದಿದೆ. ಮಂಜೂರಾದ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಇಬ್ಬರೂ ಸೇರಿ ಷರತ್ತು ತೆಗೆಸುವ ಐ-751 ಹಾಕಬೇಕು. ಅಷ್ಟರಲ್ಲಿ ಮದುವೆ ಮುರಿದುಬಿದ್ದರೆ ಎಲ್ಲ ಮುಗಿಯಿತು ಎಂದುಕೊಂಡು ಎಷ್ಟೋ ಜನ ಬೇಡದ ಸಂಸಾರದಲ್ಲಿ ಹಲ್ಲು ಕಚ್ಚಿಕೊಂಡಿರುತ್ತಾರೆ. ಮುಗಿಯುವುದಿಲ್ಲ. ಮದುವೆ ನಿಜವಾಗಿತ್ತು, ಆಮೇಲೆ ಬಾಳಲಿಲ್ಲ ಎಂದು ವಿಚ್ಛೇದನವಾದವರು ಒಬ್ಬರೇ ಹಾಕಬಹುದು, ಹಿಂಸೆ ಅನುಭವಿಸಿದವರೂ ಒಬ್ಬರೇ ಹಾಕಬಹುದು. ಜಂಟಿ ಖಾತೆಯ ಹಳೆಯ ಪಟ್ಟಿ, ಕರಾರು, ಫೋಟೋ ಎಲ್ಲ ಆಗ ಬೇಕಾಗುತ್ತವೆ. ಸಿಟ್ಟಿನಲ್ಲಿ ಹರಿದು ಹಾಕಬೇಡಿ.

ಈ ಪತ್ರ ಓದುತ್ತಿರುವ ಸಿಟಿಜನ್ ಸಂಗಾತಿಗಳಿಗೂ ಒಂದು ಮಾತು. ಸಂಗಾತಿಯನ್ನು ಪೋಷಿಸುವ ಹೊಣೆ ಹೊತ್ತು ನೀವು ಸಹಿ ಹಾಕುವ ಐ-864 ಬರೀ ಔಪಚಾರಿಕವಲ್ಲ. ಇಬ್ಬರ ಮನೆಗೆ 2025ರಲ್ಲಿ 26,437 ಡಾಲರ್ ವರಮಾನ ತೋರಿಸಬೇಕಿತ್ತು. ವಿಚ್ಛೇದನವಾದರೂ ಆ ಹೊಣೆ ಹೋಗುವುದಿಲ್ಲ. ಸಂಗಾತಿ ಪೌರರಾಗುವ ತನಕ, ಇಲ್ಲವೇ ಸುಮಾರು ಹತ್ತು ವರ್ಷದ ದುಡಿಮೆ ಅವರ ಲೆಕ್ಕಕ್ಕೆ ಸೇರುವ ತನಕ ಇರುತ್ತದೆ. ನೀವೂ ಓದುತ್ತಿದ್ದು ವರಮಾನ ಸಾಲದೆ ಚಿಕ್ಕಪ್ಪನನ್ನೋ ದೊಡ್ಡಮ್ಮನನ್ನೋ ಸಹಿಗೆ ಕೇಳುತ್ತಿದ್ದರೆ, ಅವರ ಮೇಲೂ ಇದೇ ಹೊಣೆ ಬೀಳುತ್ತದೆ ಎಂದು ಹೇಳಿ, ಓದಿಸಿ, ಆಮೇಲೆ ಸಹಿ ಪಡೆಯಿರಿ.

ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗುತ್ತಿರುವ ನಮ್ಮ ಮಕ್ಕಳೂ ಇದ್ದೀರಿ, ನಿಮ್ಮನ್ನು ಬಿಟ್ಟು ಈ ಪತ್ರ ಮುಗಿಸಲಾರೆ. ಅಮೆರಿಕದ ಸುಪ್ರೀಂ ಕೋರ್ಟಿನ 2013ರ ವಿಂಡ್ಸರ್ ತೀರ್ಪಿನ ನಂತರ ಇಲ್ಲಿ ನಿಮಗೂ ಇದೇ ಅರ್ಜಿ, ಇದೇ ಹಕ್ಕು. 2023ರ ಅಕ್ಟೋಬರ್‌ನಲ್ಲಿ ಭಾರತದ ಸುಪ್ರೀಂ ಕೋರ್ಟು ಅಂಥ ಮದುವೆಗೆ ಮಾನ್ಯತೆ ಕೊಡಲಿಲ್ಲ, ಮನೆಯವರೂ ಬಾಗಿಲು ಹಾಕಿರಬಹುದು. ಅಪ್ಪ ಅಮ್ಮನ ಜೊತೆಗಿನ ಮದುವೆ ಫೋಟೋ ನಿಮ್ಮಲ್ಲಿ ಇರಲಾರದು. ಅದೊಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ. ನಿಮ್ಮಿಬ್ಬರನ್ನೂ ಬಲ್ಲ ಗೆಳೆಯರು, ಪಕ್ಕದ ಮನೆಯವರು, ಪ್ರೊಫೆಸರು ಬರೆದುಕೊಡುವ ಅಫಿಡವಿಟ್ಟೂ ಸಾಕ್ಷಿಯೇ. ಬರೆದುಕೊಡುವವರು ಸಿಗದಿದ್ದರೆ ಬಂದು ಪರಿಚಯ ಮಾಡಿಕೊಳ್ಳಿ, ಮನೆಗೆ ಊಟಕ್ಕೆ ಬನ್ನಿ. ನಿಮ್ಮನ್ನು ಬಲ್ಲವಳಾದ ಮೇಲೆ ಕಂಡದ್ದನ್ನು ಕಂಡ ಹಾಗೆ ನಾನೇ ಬರೆದುಕೊಡುತ್ತೇನೆ.

ಮುಂದಿನ ಸಲ ಕೂಟದಲ್ಲಿ ಸಿಕ್ಕಾಗ ಪಕ್ಕಕ್ಕೆ ಕರೆಯಬೇಡಿ. ಊಟದ ಪಂಕ್ತಿಯಲ್ಲೇ ಕೇಳಿ, ಅಲ್ಲೇ ಹೇಳುತ್ತೇನೆ. ಪಕ್ಕದಲ್ಲಿ ಕೂತವರಿಗೂ ಅದು ಬೇಕಾಗಿರಬಹುದು.

ಇತಿ,
ನಿಮ್ಮ ಅಕ್ಕ
ನ್ಯೂಜೆರ್ಸಿ